ಹನ್ನೊಂದು ವರ್ಷ ಚಹಾ ತೋಟದಲ್ಲಿ ದುಡಿದರೂ ‘ತಾತ್ಕಾಲಿಕ’: ಅತ್ತೆಗೆ ಏನಾದರೂ ಸಿಗುತ್ತದೆಯೇ?

ಝೆರಾಕ್ಸ್ ಅಂಗಡಿ, ಸಿರ್ಸಿ
ದಿನವಿಡೀ ಊರವರ ಅರ್ಜಿ ಟೈಪು ಮಾಡಿಕೊಡುವವಳು ನಾನು. ಪಹಣಿ ತಿದ್ದುಪಡಿ, ವಿಧವಾ ವೇತನ, ಅತಿಕ್ರಮಣ ಸಕ್ರಮ, ಎಲ್ಲದರ ಒಕ್ಕಣೆಯೂ ಬಾಯಿಪಾಠ. ಈಗ ಮನೆಯದೇ ಒಂದು ಅರ್ಜಿ ಬರೆಯಲು ಕುಳಿತರೆ ‘ಇವರಿಗೆ’ ಎಂದು ಬರೆದು ಮುಂದೆ ಯಾರ ಹೆಸರು ಹಾಕಬೇಕೆಂಬಲ್ಲೇ ಸಿಕ್ಕಿಬಿದ್ದಿದ್ದೇನೆ.

ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಕಳಸದ ಕಡೆಯ ಒಂದು ತೋಟದಲ್ಲಿ ಚಹಾ ಸೊಪ್ಪು ಕೊಯ್ಯುತ್ತಿದ್ದರು. 2014ರ ಮಾರಿಕಾಂಬಾ ಜಾತ್ರೆ (ಎರಡು ವರ್ಷಕ್ಕೊಮ್ಮೆ ನಡೆಯುವುದು) ಮುಗಿದ ವಾರಕ್ಕೆ ಮಾವನ ಜೊತೆ ಹೋದವರು. ಮಾವ ತೀರಿಕೊಂಡ ಮೇಲೂ ತೋಟದವರು ಕೂಲಿಯವರಿಗೆ ಕೊಡುವ ಲೈನು ಮನೆಯ ಒಂದೇ ಕೋಣೆಯಲ್ಲಿ ಉಳಿದರು. ಇಷ್ಟು ವರ್ಷವೂ ಹೆಸರು ತಾತ್ಕಾಲಿಕ ಪಟ್ಟಿಯಲ್ಲೇ. ಪ್ರತಿ ವರ್ಷ ಏಳೆಂಟು ತಿಂಗಳಾಗುತ್ತಲೇ ಮೇಸ್ತ್ರಿ ಬಂದು “ನಿನಗೆ ಬ್ರೇಕು” ಎನ್ನುತ್ತಿದ್ದ. ಆ ಒಂದು ತಿಂಗಳು ಪಕ್ಕದ ಕಾಫಿ ತೋಟಕ್ಕೋ, ಸಿರ್ಸಿಗೆ ನಮ್ಮ ಮನೆಗೋ ಬರುತ್ತಿದ್ದರು. ಆಮೇಲೆ ಮತ್ತೆ ಕರೆ. ಎರಡು ತಿಂಗಳ ಹಿಂದೆ “ಕತ್ತರಿಸುವ ಯಂತ್ರ ಬಂದಿದೆ, ಇನ್ನು ಕರೆದಾಗ ಬಂದರೆ ಸಾಕು” ಎಂದರಂತೆ. ಕರೆ ಬಂದಿಲ್ಲ. ಕೋಣೆ ಖಾಲಿ ಮಾಡು ಎಂದು ಮಾತ್ರ ಎರಡು ಸಲ ಹೇಳಿ ಕಳುಹಿಸಿದ್ದಾರೆ.

ನೇಮಕ ಪತ್ರ ಇಲ್ಲ. ಸಂಬಳದ ಚೀಟಿಗಳಲ್ಲಿ ಉಳಿದಿರುವುದು ಐದು. ಎಷ್ಟು ವರ್ಷ ಕೆಲಸ ಮಾಡಿದೆ ಎಂದು ಕೇಳಿದರೆ “ನಡುವೆ ಐದು ಜಾತ್ರೆಗೆ ರಜೆ ಹಾಕಿ ಬಂದಿದ್ದೇನಲ್ಲ, ನೀನೇ ಲೆಕ್ಕ ಹಾಕು” ಎನ್ನುತ್ತಾರೆ. ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡುವ ಗ್ರಾಚ್ಯುಟಿ ಎಂಬುದು ಇಂಥವರಿಗೂ ಉಂಟೇ? ತಿಳಿದವರು ಹೇಳಿ.

ಬನವಾಸಿ ದಾರಿ
ನೇಮಕ ಪತ್ರ ಇಲ್ಲ ಎಂದ ಮೇಲೆ ಮುಗಿಯಿತು. ಸುಮ್ಮನೆ ಬಸ್ ಖರ್ಚು.

ಕಾನೂನು ಪುಸ್ತಕ
ಮೇಲಿನವರು ಹೇಳಿದ್ದು ತಪ್ಪು. ಹೀಗೆ ಹೇಳಿ ಹೇಳಿಯೇ ಅರ್ಧ ಜನ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ.

1972ರ ಗ್ರಾಚ್ಯುಟಿ ಕಾಯ್ದೆ ಪ್ಲಾಂಟೇಶನ್‌ಗಳಿಗೆ ಹೆಸರು ಹಿಡಿದೇ ಅನ್ವಯಿಸಿತ್ತು. ಅದರಲ್ಲಿ ಕಾಯಂ, ತಾತ್ಕಾಲಿಕ ಎಂಬ ಭೇದ ಇಲ್ಲ. ಬೇಕಾದದ್ದು ಐದು ವರ್ಷಗಳ ನಿರಂತರ ಸೇವೆ, ವರ್ಷಕ್ಕೆ 240 ದಿನ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ಅವುಗಳೊಳಗೆ ಸೇರಿತು. ಹಾಗಿದ್ದರೂ ಇಂಥವರ ಮಟ್ಟಿಗೆ ಐದು ವರ್ಷ, 240 ದಿನ ಎಂಬ ಅಳತೆ ಹಾಗೆಯೇ ಇದೆ. ಲೆಕ್ಕ ಸುಲಭ: ಕೊನೆಯ ದಿನಗೂಲಿ ಗುಣಿಸು ಹದಿನೈದು ಗುಣಿಸು ವರ್ಷಗಳು. ಕೂಲಿ 400 ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 6,000, ಹನ್ನೊಂದು ವರ್ಷಕ್ಕೆ 66,000 ರೂಪಾಯಿ. ಕಿಲೋ ಲೆಕ್ಕದ ಕೂಲಿಯಾದರೆ ಕೊನೆಯ ಮೂರು ತಿಂಗಳ ಸರಾಸರಿ ಹಿಡಿಯುತ್ತಾರೆ.

‘ಬ್ರೇಕು’ ಎಂಬ ಮಾತಿಗೆ ಹೆದರಬೇಡಿ. ಕಾಯಿಲೆ, ರಜೆ, ಲೇ ಆಫ್ (ಕೆಲಸವಿಲ್ಲವೆಂದು ಕೂರಿಸುವುದು), ಮುಷ್ಕರ, ಕಾರ್ಮಿಕರ ತಪ್ಪಿಲ್ಲದೆ ಕೆಲಸ ನಿಂತದ್ದು, ಇವು ಯಾವುವೂ ಸೇವೆಯನ್ನು ತುಂಡು ಮಾಡುವುದಿಲ್ಲ. ಮೊದಲು ಮಾಲೀಕರಿಗೆ ಲಿಖಿತ ಅರ್ಜಿ ಕೊಡಿ, ರಿಜಿಸ್ಟರ್ಡ್ ಅಂಚೆಯಲ್ಲಿ. ಅಲ್ಲಿ ಆಗದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ. ತಡ ಮಾಡಬೇಡಿ.

ಹೆಗಡೇಕಟ್ಟೆ ತೋಟಿಗ
ತೋಟ ನಡೆಸುವವರ ಕಷ್ಟವನ್ನೂ ಯಾರಾದರೂ ಒಬ್ಬರು ಹೇಳಬೇಕಲ್ಲ, ನಾನೇ ಹೇಳುತ್ತೇನೆ. ಒಂದು ಕಿಲೋ ಚಹಾ ಪುಡಿ ಆಗಬೇಕಾದರೆ ನಾಲ್ಕೂವರೆ ಕಿಲೋದಷ್ಟು ಹಸಿ ಸೊಪ್ಪು ಬೇಕು. ಅದನ್ನು ಒಂದೊಂದೇ ಕುಡಿ, ಎರಡೆರಡು ಎಲೆ ಎಂದು ಜನರೇ ಕೊಯ್ಯಬೇಕು. ಖರ್ಚಿನ ದೊಡ್ಡ ಪಾಲು ಕೂಲಿಗೇ ಹೋಗುತ್ತದೆ. ಯಂತ್ರ ತರದೆ ಏನು ಮಾಡಬೇಕು? ನಮ್ಮಲ್ಲೂ ಅದೇ ಕಥೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಸಿಗದೆ ಈಗ ನೆಲದಿಂದಲೇ ಕೊಯ್ಯುವ ಉದ್ದನೆಯ ದೋಟಿ ಹಿಡಿದಿದ್ದೇವೆ. ಕೂಲಿಯವರ ಮೇಲೆ ಸಿಟ್ಟಿಲ್ಲ, ಆದರೆ ತೋಟದವರೆಲ್ಲ ರಾಕ್ಷಸರು ಎಂಬ ಧಾಟಿ ಬೇಡ.

ಬನವಾಸಿ ದಾರಿ
ರಾಕ್ಷಸರು ಎಂದು ಇಲ್ಲಿ ಯಾರೂ ಹೇಳಲಿಲ್ಲ ಹೆಗಡೆಯವರೇ. ನೀವೇ ಹೆಗಲು ಮುಟ್ಟಿ ನೋಡಿಕೊಂಡಿರಿ.

ಮುಂಡಗೋಡ ಮಾಸ್ತರು
ಕಾನೂನು ಪುಸ್ತಕದವರು ಆಸೆ ಹುಟ್ಟಿಸುತ್ತಿದ್ದಾರೆ. 2006ರ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಾತ್ಕಾಲಿಕ ನೌಕರರಿಗೆ ಹಕ್ಕಿಲ್ಲ ಎಂದು ಹೇಳಿ ಆಗಿದೆ. ನಮ್ಮ ಶಾಲೆಯ ಅತಿಥಿ ಶಿಕ್ಷಕರು ಅದರ ಹೆಸರು ಕೇಳಿದರೆ ಇಂದಿಗೂ ನಿಟ್ಟುಸಿರು ಬಿಡುತ್ತಾರೆ.

ಕಾನೂನು ಪುಸ್ತಕ
ಮಾಸ್ತರರೇ, ಅದು ಬೇರೆ, ಇದು ಬೇರೆ. ಉಮಾದೇವಿ ಪ್ರಕರಣ ಸರ್ಕಾರಿ ಹುದ್ದೆಗೆ ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಬೇಕೇ ಎಂಬ ಪ್ರಶ್ನೆಯದು. ಇಲ್ಲಿ ಅತ್ತೆಯನ್ನು ಕಾಯಂ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ದುಡಿದ ವರ್ಷಗಳ ಗ್ರಾಚ್ಯುಟಿ ಕೇಳುತ್ತಿದ್ದಾರೆ.

ನಿಜವಾದ ತೊಡಕು ಇರುವುದು ರುಜುವಾತಿನಲ್ಲಿ. 2002ರಲ್ಲಿ ನಮ್ಮ ರಾಜ್ಯದ ಅರಣ್ಯ ಇಲಾಖೆಯ ದಿನಗೂಲಿಯವರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು: 240 ದಿನ ದುಡಿದೆ ಎಂದು ತೋರಿಸುವ ಹೊಣೆ ಕಾರ್ಮಿಕರದ್ದು, ಬರೀ ತಮ್ಮದೇ ಅಫಿಡವಿಟ್ ಸಾಲದು. ಅದನ್ನು ಹಿಡಿದುಕೊಂಡು ಎಷ್ಟೋ ಮಾಲೀಕರು ಕೈ ತೊಳೆದುಕೊಂಡರು. 2005ರಲ್ಲಿ ಇನ್ನೊಂದು ಪ್ರಕರಣ, ಅದೂ ಕರ್ನಾಟಕದ್ದೇ. ದಿನಗೂಲಿಯವರ ಕೈಯಲ್ಲಿ ನೇಮಕ ಪತ್ರವಾಗಲಿ ಚೀಟಿಯಾಗಲಿ ಇರುವುದಿಲ್ಲ ಎಂಬುದನ್ನು ಕೋರ್ಟು ಆಗ ಒಪ್ಪಿಕೊಂಡಿತು. ಕಾರ್ಮಿಕರು ಸಾಕ್ಷಿ ಕಟ್ಟೆ ಹತ್ತಿ ಹೇಳಬೇಕು, ಹಾಜರಿ ಪುಸ್ತಕ ತನ್ನಿ ಎಂದು ಮಾಲೀಕರನ್ನು ಕೇಳಬೇಕು. ಅವರು ಕೊಡದೆ ಹೋದರೆ ಅದರ ಅರ್ಥವೇನು ಎಂದು ತೂಗಿ ನೋಡುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ಹಾಗಾಗಿ ಆ ಐದು ಚೀಟಿಗಳನ್ನು ಬಂಗಾರದಂತೆ ಇಟ್ಟುಕೊಳ್ಳಿ.

ನಿವೃತ್ತ ರೈಟರ್
ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಎಂದು. ನಾನು ಹೊನ್ನಾವರದ ಕಡೆಯವನು. ಇಪ್ಪತ್ತಾರು ವರ್ಷ ಘಟ್ಟದ ಮೇಲೆ ತೋಟದಲ್ಲಿ ಹಾಜರಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ, ಮೊದಲು ಕಾಫಿ, ಆಮೇಲೆ ಚಹಾ. ತೋಟದ ಹೆಸರು ಬೇಡ.

ಆ ‘ಬ್ರೇಕು’ ಎಂಬುದನ್ನು ಬರೆದವನು ನಾನೇ. ಚೆಕ್ ರೋಲ್ ಎಂಬ ಉದ್ದನೆಯ ಪುಸ್ತಕ, ಎಡಕ್ಕೆ ಹೆಸರು, ಬಲಕ್ಕೆ ತಿಂಗಳ ಮೂವತ್ತೊಂದು ಮನೆ. ತಾತ್ಕಾಲಿಕದವರ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಒಟ್ಟು ದಿನಗಳ ಲೆಕ್ಕ ಇಡುತ್ತಿದ್ದೆ. ಪೆನ್ಸಿಲ್ ಯಾಕೆಂದರೆ ಅದನ್ನು ಅಳಿಸಬಹುದು. ಮದುವೆಯಾದ ಹುಡುಗಿಯರಿಗೆ ಎಂಬತ್ತು ದಿನದ ಹತ್ತಿರ ಒಂದು ಕಣ್ಣು, ಏಕೆಂದರೆ ಎಂಬತ್ತು ದಾಟಿದರೆ ಹೆರಿಗೆ ಭತ್ಯೆ. ಉಳಿದವರಿಗೆ 230ರ ಹತ್ತಿರ. ಮೇಲಿನಿಂದ ಮಾತು ಬರುತ್ತಿತ್ತು, ನಾನು ಮೇಸ್ತ್ರಿಗೆ ಹೇಳುತ್ತಿದ್ದೆ, ಮೇಸ್ತ್ರಿ ಲೈನಿಗೆ ಹೋಗಿ ಹೇಳುತ್ತಿದ್ದ. ಬಾಯಿಂದ ಬಾಯಿಗೆ ಹೋಗುವ ಮಾತಿಗೆ ರುಜು ಇರುವುದಿಲ್ಲ.

ಸೊಪ್ಪು ತುಂಬ ಬರುವ ಕಾಲದಲ್ಲಿ ಜನರನ್ನು ಬಿಡಲಾಗುವುದಿಲ್ಲ. ಆಗ ಬ್ರೇಕು ಪುಸ್ತಕದಲ್ಲಿ ಮಾತ್ರ. ಲಕ್ಷ್ಮಿ ಎಂಬವಳು ಮರುದಿನದಿಂದ ಲಕ್ಷ್ಮಮ್ಮ ಎಂದು ಹೊಸ ಸಾಲಿನಲ್ಲಿ ಬರುತ್ತಿದ್ದಳು. ಅದೇ ಹೆಂಗಸು, ಅದೇ ಬುಟ್ಟಿ, ಅದೇ ಸಾಲು. ಹೆಬ್ಬೆಟ್ಟೂ ಅದೇ. ಹೆಬ್ಬೆಟ್ಟನ್ನು ಯಾರು ನೋಡುತ್ತಾರೆ?

ತೂಕದ ಮನೆಯಲ್ಲಿ ಇನ್ನೊಂದು. ಸಂಜೆ ಚೀಲ ತೂಗುವಾಗ ನೀರಿಗೆಂದು ಒಂದಿಷ್ಟು, ಚೀಲಕ್ಕೆಂದು ಒಂದಿಷ್ಟು ಕಳೆಯುತ್ತೇವೆ. ಮಳೆಗಾಲದಲ್ಲಿ ಸೊಪ್ಪು ನೆನೆದಿರುವುದು ನಿಜ, ಕಳೆಯುವುದೂ ನ್ಯಾಯವೇ. ಆದರೆ ಬಿಸಿಲಿನ ದಿನವೂ ಅಷ್ಟೇ ಕಳೆಯುತ್ತಿದ್ದೆವು. ಕಾಲಿನಿಂದ ಉಂಬಳ ಕಿತ್ತು ಬಿಸಾಡುತ್ತ, ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಬಿಚ್ಚಿಕೊಳ್ಳುತ್ತ ನಿಂತವರು ತಕ್ಕಡಿಯ ಮುಳ್ಳನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಬರೆಯಲು ಯಾಕೆ ತಡ ಮಾಡಿದೆ ಎಂದು ಈಗ ತಿಳಿದಿರಬೇಕು.

ತಂಗೀ, ನಿನ್ನ ಅತ್ತೆಯ ಚೀಟಿಗಳಲ್ಲಿ ಹೆಸರು ಒಂದೇ ರೀತಿ ಇದೆಯೇ, ನೋಡು.

ಝೆರಾಕ್ಸ್ ಅಂಗಡಿ, ಸಿರ್ಸಿ
ರೈಟರರೇ, ಅತ್ತೆಗೆ ಈಗಷ್ಟೇ ಫೋನು ಮಾಡಿ ಪಕ್ಕದ ಮನೆಯ ಹುಡುಗನಿಂದ ಚೀಟಿಗಳ ಫೋಟೊ ತರಿಸಿಕೊಂಡೆ. ಮೂರರಲ್ಲಿ ‘ಗೌರಿ’, ಎರಡರಲ್ಲಿ ‘ಗೌರಮ್ಮ’. ಟೋಕನ್ ಸಂಖ್ಯೆಯೂ ಬೇರೆ. ಅತ್ತೆಗೆ ಗೊತ್ತೇ ಇರಲಿಲ್ಲ. “ವಯಸ್ಸಾಯಿತಲ್ಲ, ಮರ್ಯಾದೆಗೆ ಅಮ್ಮ ಎಂದು ಸೇರಿಸಿದರೆಂದುಕೊಂಡೆ” ಎಂದರು.

ಬನವಾಸಿ ದಾರಿ
ಮರ್ಯಾದೆಗೆ! ಓದಿ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು.

ದಿಬ್ರುಗಢ ಕಂಡವನು
ಕಾರವಾರದ ಮಾಜಿ ಸೈನಿಕ ನಾನು. ಮೇಲಿನ ಅಸ್ಸಾಂನಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿ ತಾತ್ಕಾಲಿಕದವರಿಗೆ ಒಂದು ಹೆಸರಿದೆ: ಫಾಲ್ತು. ನಮಗೆ ಅದು ಬೈಗುಳ, ಅಲ್ಲಿ ಅದು ಕೆಲಸದ ಹೆಸರು. “ನೀನೇನು ಮಾಡುತ್ತೀ?” ಎಂದರೆ “ನಾನು ಫಾಲ್ತು” ಎಂದು ಹೆಂಗಸರು ಸಹಜವಾಗಿ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ತಲೆ ತಗ್ಗಿಸಿದ್ದೆ. ಕಾಯಂ ಹಾಜರಿಯವರಿಗೆ ಮನೆ, ಪಡಿತರ ಉಂಟು. ಫಾಲ್ತುಗಳು ಎಷ್ಟೋ ಸಲ ಅದೇ ಕಾಯಂ ಕಾರ್ಮಿಕರ ಮಕ್ಕಳು, ಸೊಸೆಯಂದಿರು. ಒಂದೇ ಮನೆಯಲ್ಲಿ ಅತ್ತೆ ಕಾಯಂ, ಸೊಸೆ ಫಾಲ್ತು. ಚಳಿಗಾಲದಲ್ಲಿ ಗಿಡ ಕತ್ತರಿಸಿ ಬಿಟ್ಟ ಮೇಲೆ ಚಿಗುರು ಇಲ್ಲ. ಡಿಸೆಂಬರಿನಿಂದ ಎರಡು ಮೂರು ತಿಂಗಳು ಇವರಿಗೆ ಕೆಲಸವೂ ಇಲ್ಲ. ಕೂಲಿಯೂ ನಮ್ಮ ಕಡೆಗಿಂತ ಕಡಿಮೆ. 2023ರಲ್ಲಿ ಬ್ರಹ್ಮಪುತ್ರ ಕಣಿವೆಯಲ್ಲಿ ದಿನಕ್ಕೆ 250 ರೂಪಾಯಿಗೆ ಏರಿಸಿದ್ದೇ ದೊಡ್ಡ ಸುದ್ದಿಯಾಗಿತ್ತು.

ಕಾನೂನು ಪುಸ್ತಕ
ಸುಬೇದಾರರು (ಹಾಗೆ ಕರೆಯಬಹುದೆಂದುಕೊಂಡೆ) ಹೇಳಿದ್ದರಲ್ಲಿ ನಮಗೆ ಬೇಕಾದ ಒಂದು ಅಂಶ ಇದೆ. ಋತುಮಾನದ ಉದ್ಯಮವಾದರೆ ಗ್ರಾಚ್ಯುಟಿ ಒಂದು ಸೀಸನ್‌ಗೆ ಏಳೇ ದಿನದ ಕೂಲಿ. ನಿಮ್ಮ ಅತ್ತೆಯ ತೋಟದವರು ‘ನಮ್ಮದು ಸೀಸನ್ ಕೆಲಸ’ ಎಂದು ಹೇಳಬಹುದು. ರೈಟರರೇ, ಅಲ್ಲಿ ತೋಟ ಮುಚ್ಚುವ ಕಾಲ ಇತ್ತೇ?

ನಿವೃತ್ತ ರೈಟರ್
ದಕ್ಷಿಣದ ಚಹಾಕ್ಕೆ ಮುಚ್ಚುವ ಕಾಲ ಎಂಬುದಿಲ್ಲ. ಸೊಪ್ಪು ಹೆಚ್ಚು ಕಡಿಮೆ ಆಗುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಒಂದಿಷ್ಟು ಸೊರಗುತ್ತದೆ, ಒಂದೆರಡು ಮಳೆ ಬಿದ್ದರೆ ಮತ್ತೆ ಚಿಗುರು. ಒಂದು ಸಾಲಿಗೆ ಹತ್ತು ಹದಿನೈದು ದಿನಕ್ಕೊಮ್ಮೆ ತಿರುಗಿ ಬರಲೇಬೇಕು, ಇಲ್ಲದಿದ್ದರೆ ಎಲೆ ಬಲಿತು ಹಾಳು. ಹಾಗಾಗಿ ಕೆಲಸ ತಾತ್ಕಾಲಿಕ ಅಲ್ಲವೇ ಅಲ್ಲ. ತಾತ್ಕಾಲಿಕ ಆಗಿರುವುದು ಹೆಸರು ಮಾತ್ರ.

ಕಷಾಯಪ್ರಿಯ
ಇಷ್ಟೆಲ್ಲ ಓದಿದ ಮೇಲೆ ಚಹಾ ಬಿಟ್ಟು ಕಷಾಯಕ್ಕೆ ಮರಳುವುದೇ ಲೇಸು. ಅಂದ ಹಾಗೆ ನಮ್ಮ ಸಿರ್ಸಿ ಸೀಮೆಯಲ್ಲಿ ಚಹಾ ಯಾಕೆ ಬೆಳೆಯುವುದಿಲ್ಲ? ಮಳೆಗೇನು ಕಡಿಮೆ?

ಹೆಗಡೇಕಟ್ಟೆ ತೋಟಿಗ
ಮಳೆ ಇದೆ, ಹಂಚಿಕೆ ಇಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದು ಸುರಿದು ಅಡಿಕೆಗೆ ಕೊಳೆ ರೋಗ ತರಿಸಿ, ಆಮೇಲೆ ಐದಾರು ತಿಂಗಳು ಮುಖ ತೋರಿಸುವುದಿಲ್ಲ. ಚಹಾಕ್ಕೆ ವರ್ಷವಿಡೀ ಅಷ್ಟಿಷ್ಟು ತೇವ, ಎತ್ತರ, ತಂಪು ಬೇಕು. ಕಷಾಯಕ್ಕೆ ಕೊತ್ತಂಬರಿ, ಜೀರಿಗೆಯೂ ಹೊರಗಿನಿಂದಲೇ ಬರುತ್ತದೆ, ಅದನ್ನು ಯಾರು ಕೊಯ್ದರು ಎಂದು ಕೇಳುವಿರೇನು?

ಯಲ್ಲಾಪುರದವಳು
ಕೇಳುತ್ತೇನೆ. ಕೊತ್ತಂಬರಿಯದ್ದಲ್ಲ, ಅಡಿಕೆಯದ್ದು.

ನನ್ನ ಅಮ್ಮ ಮೂವತ್ತು ವರ್ಷದಿಂದ ಅಡಿಕೆ ಸುಲಿಯುತ್ತಾರೆ. ನಾವು ಸಿದ್ದಿ ಸಮುದಾಯದವರು. ನವೆಂಬರ್ ಬಂತೆಂದರೆ ಸಂಜೆ ಊಟ ಮುಗಿಸಿ ಮೆಟ್ಟುಗತ್ತಿಯ ಮುಂದೆ ಕುಳಿತರೆ ಏಳುವುದು ಹನ್ನೆರಡು ಗಂಟೆಗೆ. ಬಲಗೈ ಹೆಬ್ಬೆರಳಿನ ತುದಿ ಕಪ್ಪಾಗಿ ಒಡೆದಿದೆ. ಆಧಾರ್ ಕೇಂದ್ರದಲ್ಲಿ ಯಂತ್ರ ಅವರ ಬೆರಳಚ್ಚನ್ನು ಹಿಡಿಯಲಿಲ್ಲ, ನಾಲ್ಕು ಸಲ ಹೋಗಬೇಕಾಯಿತು. ಸುಲಿದ ಅಡಿಕೆಗೆ ಡಬ್ಬಿ ಲೆಕ್ಕ, ಕೈಗೆ ಹಣ, ಅಲ್ಲಿಗೆ ಮುಗಿಯಿತು. ಚಹಾ ತೋಟದಲ್ಲಿ ಸುಳ್ಳು ಬರೆಯಲಿಕ್ಕಾದರೂ ಒಂದು ಪುಸ್ತಕ ಇದೆ. ನನ್ನ ಅಮ್ಮನ ಹೆಸರನ್ನು ತಪ್ಪಾಗಿಯೂ ಯಾರೂ ಬರೆದಿಲ್ಲ.

ಹೆಗಡೇಕಟ್ಟೆ ತೋಟಿಗ
ತಂಗಿ, ನನಗಿರುವುದು ಎರಡು ಎಕರೆ. ಎರಡು ಎಕರೆಯವನು ಹಾಜರಿ ಪುಸ್ತಕ ಇಡಬೇಕೇ? ಅಮ್ಮನವರು ಒಬ್ಬರದೇ ಕೆಲಸ ಮಾಡುವುದಿಲ್ಲವಲ್ಲ, ಸುಗ್ಗಿಯಲ್ಲಿ ಹತ್ತು ಮನೆಗೆ ಹೋಗುತ್ತಾರೆ. ಗ್ರಾಚ್ಯುಟಿಯನ್ನು ಹತ್ತು ಮನೆಯವರು ಪಾಲು ಮಾಡಿಕೊಡುವುದೇ? ಮುಂಗಡ ತೆಗೆದುಕೊಂಡು ಬಾರದೆ ಹೋದವರೂ ಇದ್ದಾರೆ, ಅದನ್ನೂ ಹೇಳು.

ಯಲ್ಲಾಪುರದವಳು
ಹೇಳುತ್ತೇನೆ. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಮುಂಗಡ ಕೊಡುತ್ತೀರಿ, ನಾವು ಅಕ್ಕಿ ತರುತ್ತೇವೆ. ಸುಗ್ಗಿ ಬಂದಾಗ ಪಕ್ಕದ ಮನೆಯವರು ಡಬ್ಬಿಗೆ ಹತ್ತು ರೂಪಾಯಿ ಹೆಚ್ಚು ಕೊಡುತ್ತಿದ್ದರೂ ನಾವು ಹೋಗುವ ಹಾಗಿಲ್ಲ. ಬಾರದೆ ಹೋದವರು ಯಾಕೆ ಬರಲಿಲ್ಲ ಎಂದು ಕೇಳಿದ್ದೀರಾ ಹೆಗಡೆಯವರೇ?

ಹೆಗಡೇಕಟ್ಟೆ ತೋಟಿಗ
ಕೇಳಿಲ್ಲ, ನಿಜ. ಆದರೆ ನಮ್ಮ ಕೊನೆಗೌಡರಿಗೆ ಪ್ರತಿ ವರ್ಷ ಬ್ಯಾಂಕಿನಲ್ಲಿ ಇಪ್ಪತ್ತು ರೂಪಾಯಿಯ ಅಪಘಾತ ವಿಮೆಯನ್ನು ನಾನೇ ನೆನಪಿಸಿ ಮಾಡಿಸುತ್ತೇನೆ. ಎರಡು ಲಕ್ಷ ಬರುತ್ತದೆ. ದೇವರು ಹಾಗೆ ಮಾಡದಿರಲಿ.

ಯಲ್ಲಾಪುರದವಳು
ಒಳ್ಳೆಯದು. ಮರದಿಂದ ಬಿದ್ದರೆ ಎರಡು ಲಕ್ಷ. ಬೀಳದೆ ಮುದುಕರಾದರೆ?

ಬನವಾಸಿ ದಾರಿ
ಇದಕ್ಕೆ ಉತ್ತರ ಇದ್ದವರು ಕೈ ಎತ್ತಿ. ನಾನು ಎತ್ತುವುದಿಲ್ಲ.

ಕಾನೂನು ಪುಸ್ತಕ
ಇಬ್ಬರ ಮಾತಿನ ನಡುವೆ ಒಂದು ಗೆರೆ ಇದೆ, ಅದನ್ನು ಮಾತ್ರ ಹೇಳುತ್ತೇನೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅದೂ ಐದು ಹೆಕ್ಟೇರು ಮತ್ತು ಹದಿನೈದು ಕಾರ್ಮಿಕರು ಇದ್ದರೆ. ಮನೆ, ಶಿಶುಪಾಲನಾ ಕೋಣೆ, ಕುಡಿಯುವ ನೀರು, ಆಸ್ಪತ್ರೆ, ಎಲ್ಲ ಆ ಗೆರೆಯ ಒಳಗಿನವರಿಗೆ. ಅಡಿಕೆ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬೇರೆ ಬೆಳೆಗಳಿಗೂ ವಿಸ್ತರಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇತ್ತು. ಎರಡು ಎಕರೆಯವರ ಮೇಲೆ ಅದನ್ನು ಹೇರಿ ಎಂದು ನಾನೂ ಹೇಳುವುದಿಲ್ಲ. ಆದರೆ ಹತ್ತು ಮನೆಗೆ ದುಡಿದವರು ಯಾರ ಮನೆಯ ಕಾರ್ಮಿಕರೂ ಅಲ್ಲ ಎಂದಾಗುವುದು ಸರಿಯೇ? ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ, ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್‌ನಲ್ಲಿ ಹೆಸರಾದರೂ ಹಾಕಿಸಿ. ಹಣ ಬರುತ್ತದೆ ಎಂದಲ್ಲ, ಒಂದು ಕಡೆ ಹೆಸರು ಇರಲಿ ಎಂದು.

ಕೋಡಿಬಾಗದ ತಾಂಡೇಲ
ಚಹಾ ಆಯಿತು, ಅಡಿಕೆ ಆಯಿತು, ಮೀನನ್ನು ಯಾಕೆ ಬಿಟ್ಟಿರಿ? ಕಾರವಾರದ ಬಂದರಿನಲ್ಲಿ ದೋಣಿ ಕೆಲಸಕ್ಕೆ ಈಗ ಒಡಿಶಾ, ಜಾರ್ಖಂಡದ ಹುಡುಗರು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಅರವತ್ತೊಂದು ದಿನ ಮೀನುಗಾರಿಕೆ ನಿಷೇಧ. ಅಷ್ಟೂ ದಿನ ಅವರಿಗೆ ಒಂದು ಪೈಸೆ ಇಲ್ಲ, ರೈಲು ಹತ್ತುತ್ತಾರೆ. ಆಗಸ್ಟಿನಲ್ಲಿ ಬಂದವರೇ ಬರುತ್ತಾರೆಂದು ಹೇಳಲಾಗದು. ನಾನೂ ಪಾಲಿನ ಲೆಕ್ಕದವನೇ. ಮೀನು ಬಿದ್ದರೆ ಪಾಲು, ಬೀಳದಿದ್ದರೆ ಡೀಸೆಲ್ ಲೆಕ್ಕ. ನಮಗೆ ಬ್ರೇಕು ಕೊಡುವವನು ಸಮುದ್ರರಾಜ, ಅವನ ಮೇಲೆ ಕೇಸು ಹಾಕಲು ಬರುವುದಿಲ್ಲ.

ಗಂಗಾವಳಿ
ಆ ಕೋಣೆ ಖಾಲಿ ಮಾಡು ಎಂಬ ಮಾತಿನ ಬಗ್ಗೆ ಯಾರೂ ಬರೆಯಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದ ಅಂಗಡಿಯೂ, ಅಲ್ಲಿದ್ದ ಸಂಸಾರವೂ ಹೋಯಿತು. ನಮ್ಮ ಮನೆ ನದಿಯ ಆಚೆ ದಡದಲ್ಲಿ. ಎರಡು ವಾರ ಕಳೆಯುವುದರೊಳಗೆ, 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಅಲ್ಲಿ ಹೋದವರಲ್ಲಿ ಚಹಾ ತೋಟದ ಲೈನು ಮನೆಗಳವರು ಎಷ್ಟು ಜನ! ಅದಕ್ಕೂ ಮೊದಲು 2020ರ ಆಗಸ್ಟಿನಲ್ಲಿ ಮುನ್ನಾರಿನ ಹತ್ತಿರದ ಪೆಟ್ಟಿಮುಡಿ, ಎಪ್ಪತ್ತು ಜನ. ಅದೂ ಲೈನು ಮನೆಯೇ. ಗುಡ್ಡದ ಬುಡದಲ್ಲಿ ಸಾಲಾಗಿ ಕಟ್ಟಿದ ಕೋಣೆಗಳು. ಕೆಲಸ ಬಿಟ್ಟರೆ ಮನೆ ಹೋಗುತ್ತದೆಂದು ಜನ ಅಲ್ಲೇ ಇರುತ್ತಾರೆ. ನಿವೃತ್ತಿಯ ವಯಸ್ಸಾದರೂ ಮಗನನ್ನೋ ಮಗಳನ್ನೋ ಅದೇ ಕೆಲಸಕ್ಕೆ ಸೇರಿಸುವುದು ಮನೆ ಉಳಿಸಿಕೊಳ್ಳಲಿಕ್ಕೆ.

ನಿವೃತ್ತ ರೈಟರ್
ಹೌದು. ಎಷ್ಟೋ ಜನರಿಗೆ ಕೂಲಿಗಿಂತ ಆ ಕೋಣೆಯೇ ದೊಡ್ಡ ಸಂಕೋಲೆ.

ಮುಂಡಗೋಡ ಮಾಸ್ತರು
ಉಮಾದೇವಿ ವಿಷಯದಲ್ಲಿ ನನ್ನ ತಪ್ಪು ಒಪ್ಪಿದೆ. ಪ್ರಾಯಶ್ಚಿತ್ತಕ್ಕೆ ಒಂದು ಉದಾಹರಣೆ. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟದ ಹೆಂಗಸರು ರಸ್ತೆಗೆ ಇಳಿದು ಕುಳಿತರು. ಹತ್ತು ಶೇಕಡಾಕ್ಕೆ ಇಳಿಸಿದ್ದ ಬೋನಸ್ ಇಪ್ಪತ್ತು ಆಗಬೇಕು, ದಿನಗೂಲಿ 232ರಿಂದ 500 ಆಗಬೇಕು ಎಂದು. ಪೆಂಬಿಳೈ ಒರುಮೈ ಎಂದು ಹೆಸರಿಟ್ಟುಕೊಂಡರು, ‘ಹೆಂಗಸರ ಒಗ್ಗಟ್ಟು’ ಎಂದರ್ಥ. ತಮ್ಮದೇ ಯೂನಿಯನ್ ನಾಯಕರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಬೋನಸ್ ಮತ್ತು ಪರಿಹಾರ ಧನ ಸೇರಿ ಇಪ್ಪತ್ತು ಶೇಕಡಾ ಆಯಿತು.

ಬನವಾಸಿ ದಾರಿ
ಕೂಲಿ 500 ಆಯಿತೇ ಮಾಸ್ತರರೇ?

ಮುಂಡಗೋಡ ಮಾಸ್ತರು
ಇಲ್ಲ. ಆಮೇಲಿನ ಮಾತುಕತೆಯಲ್ಲಿ 301ಕ್ಕೆ ನಿಂತಿತು. ಆದರೂ 232ರಲ್ಲಿ ಕುಳಿತಿರಲಿಲ್ಲವಲ್ಲ.

ಕೋಡಿಬಾಗದ ತಾಂಡೇಲ
ಅವರೆಲ್ಲ ಒಂದೇ ಕಡೆ ಇದ್ದವರು, ಒಂದೇ ಲೈನಿನವರು. ‘ಕರೆದಾಗ ಬಾ’ ಎನ್ನಿಸಿಕೊಂಡವರು ಯಾರ ಜೊತೆ ಹೋಗಿ ಕೂರುವುದು?

ಪಿಎಫ್ ಗುಮಾಸ್ತ
ಇಷ್ಟು ದೊಡ್ಡ ಚರ್ಚೆಯಲ್ಲಿ ಅತಿ ಸುಲಭದ್ದನ್ನು ಯಾರೂ ಕೇಳಲಿಲ್ಲ. ಚೀಟಿಯಲ್ಲಿ ಪಿಎಫ್ ಎಂದು ಕಡಿತ ಇದೆಯೇ? ಭವಿಷ್ಯ ನಿಧಿಗೆ ತಾತ್ಕಾಲಿಕದವರೂ ಸೇರುತ್ತಾರೆ, ಕೆಲಸಕ್ಕೆ ಬಂದ ದಿನದಿಂದಲೇ. ಕಡಿತ ಇದ್ದರೆ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳ ದಾಖಲೆ ಇರುತ್ತದೆ. ಹಾಜರಿ ಪುಸ್ತಕ ಕಳೆದುಹೋಗಬಹುದು, ಮಳೆಯಲ್ಲಿ ನೆನೆಯಬಹುದು, ಇಲಿ ತಿನ್ನಬಹುದು. ಪಿಎಫ್ ಲೆಕ್ಕಕ್ಕೆ ಇಲಿ ಬರುವುದಿಲ್ಲ. ಎರಡು ಹೆಸರು ಇದ್ದರೆ ಎರಡು ಖಾತೆಯೂ ಇರಬಹುದು, ಎರಡನ್ನೂ ಹುಡುಕಿಸಿ.

ಝೆರಾಕ್ಸ್ ಅಂಗಡಿ, ಸಿರ್ಸಿ
ಉತ್ತರಿಸಲು ತಡವಾಯಿತು, ಕ್ಷಮಿಸಿ. ಎರಡು ದಿನ ಅಂಗಡಿ ಮುಚ್ಚಿ ಹೋಗಿ ಬಂದೆ. ಸಾಗರ, ತೀರ್ಥಹಳ್ಳಿ, ಕೊಪ್ಪ, ನಾಲ್ಕು ಬಸ್ಸು ಬದಲಿಸಿ ತಲುಪುವಾಗ ಕತ್ತಲು.

ಐದು ಚೀಟಿಗಳಲ್ಲಿ ‘ಗೌರಿ’ ಹೆಸರಿನ ಮೂರರಲ್ಲಿ ಪಿಎಫ್ ಕಡಿತ ಇದೆ. ‘ಗೌರಮ್ಮ’ನದರಲ್ಲಿ ಇಲ್ಲ. ಗುಮಾಸ್ತರು ಹೇಳಿದಂತೆ ಸಂಖ್ಯೆ ಹುಡುಕಿಸಲು ಕೊಟ್ಟಿದ್ದೇನೆ.

ಇನ್ನೊಂದು ವಿಷಯ. ಅತ್ತೆಗೆ ಓದು ಬರಹ ಬಾರದು. ಆದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ರೂಢಿ ಇತ್ತಂತೆ. ಕೆಲಸಕ್ಕೆ ಹೋದ ದಿನಕ್ಕೆ ಇದ್ದಿಲಿನ ಚುಕ್ಕಿ, ಅರ್ಧ ದಿನಕ್ಕೆ ಗೀಟು. ಜಾತ್ರೆಗೋ ದೀಪಾವಳಿಗೋ ಬಂದಾಗ ಸಿರ್ಸಿಯಿಂದ ಒಯ್ಯುತ್ತಿದ್ದ ಕ್ಯಾಲೆಂಡರು, ಅಪ್ಪ ಅಡಿಕೆ ಹಾಕುವ ಸಂಘದವರು ಕೊಡುವುದು. “ಎಲ್ಲಿದೆ?” ಎಂದು ಕೇಳಿದರೆ “ವರ್ಷ ಮುಗಿದ ಮೇಲೆ ಕ್ಯಾಲೆಂಡರು ಯಾಕೆ ಇಟ್ಟುಕೊಳ್ಳಬೇಕು? ದಪ್ಪ ಹಾಳೆ ಅಲ್ಲವೇ, ಮೊಮ್ಮಗಳ ಪುಸ್ತಕಕ್ಕೆ ಬೈಂಡು ಹಾಕಿದೆ” ಎಂದರು.

ಟ್ರಂಕಿನಲ್ಲಿ ಮೂರನೆಯ ಕ್ಲಾಸಿನಿಂದ ಎಂಟನೆಯವರೆಗಿನ ಪುಸ್ತಕಗಳಿವೆ. ರಾತ್ರಿ ಒಂದು ಗಂಟೆಯವರೆಗೆ ನಾನೂ ಆ ಹುಡುಗಿಯೂ ಕುಳಿತು ನೋಡಿದೆವು. 2019ರ ಫೆಬ್ರವರಿ ಗಣಿತದ ಮೇಲಿದೆ. ಚುಕ್ಕಿಗಳು ಒಳಮೈಯಲ್ಲಿದ್ದುದರಿಂದ ಅಳಿಸಿಲ್ಲ. ಸಮಾಜ ವಿಜ್ಞಾನದ ಮೇಲೆ ಜುಲೈ, ಆಗಸ್ಟ್. ಆಗಸ್ಟಿನಲ್ಲಿ ಒಂದು ಭಾನುವಾರವೂ ಬಿಟ್ಟಿಲ್ಲ. ಚೀಟಿಯ ಪ್ರಕಾರ ಅದೇ ಆಗಸ್ಟಿನಲ್ಲಿ ‘ಗೌರಿ’ಗೆ ಬ್ರೇಕು.

ಕಾನೂನು ಪುಸ್ತಕ
ಬೈಂಡು ಬಿಚ್ಚಬೇಡಿ! ಪುಸ್ತಕದ ಜೊತೆಯೇ ಫೋಟೊ ತೆಗೆಯಿರಿ, ಒಳಮೈ ಕಾಣುವಷ್ಟು ಮಡಚಿ ತೆರೆದರೆ ಸಾಕು. ಇದೊಂದೇ ಸಾಕ್ಷಿಯಾಗಿ ನಿಲ್ಲುತ್ತದೆ ಎಂದು ಹೇಳಲಾರೆ. ಇದ್ದಿಲಿನ ಚುಕ್ಕಿಯನ್ನು ಯಾರೂ ಹಾಕಬಹುದು ಎನ್ನುತ್ತಾರೆ ಎದುರಿನ ವಕೀಲರು. ಆದರೆ ಈ ಚುಕ್ಕಿಗಳನ್ನು ಹಿಡಿದು “ನಿಮ್ಮ ಆಗಸ್ಟಿನ ಪುಸ್ತಕ ತನ್ನಿ, ಗೌರಮ್ಮ ಯಾರು ತೋರಿಸಿ” ಎಂದು ಕೇಳಬಹುದಲ್ಲ. ಕೋಣೆ ಸದ್ಯಕ್ಕೆ ಬಿಡಬೇಡಿ. ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.

ಹೆಗಡೇಕಟ್ಟೆ ತೋಟಿಗ
ಆ ಸಂಘದ ಕ್ಯಾಲೆಂಡರು ನಮ್ಮ ಮನೆಯಲ್ಲೂ ಪ್ರತಿ ವರ್ಷದ್ದು ಇದೆ, ನನ್ನ ಹೆಂಡತಿ ಬಿಸಾಡುವುದಿಲ್ಲ. ಯಾವ ವರ್ಷದ್ದು ಎಂದು ಗುರುತಿಸಲು ಹಾಳೆ ತಾಳೆ ನೋಡಬೇಕಾದರೆ ಹೇಳಿ, ತಂದುಕೊಡುತ್ತೇನೆ. ನಿಮ್ಮ ಅಂಗಡಿ ಬಸ್ ಸ್ಟ್ಯಾಂಡ್ ಹತ್ತಿರದ್ದೇ ಅಲ್ಲವೇ?

ಝೆರಾಕ್ಸ್ ಅಂಗಡಿ, ಸಿರ್ಸಿ
ಅದೇ. ತನ್ನಿ ಹೆಗಡೆಯವರೇ. ಎರಡು ಹಾಳೆಗಳಲ್ಲಿ ಇಸವಿ ಇರುವ ಮೂಲೆ ಹರಿದಿದೆ, 2017ರದೋ 2018ರದೋ ತಿಳಿಯುತ್ತಿಲ್ಲ.

ನಿವೃತ್ತ ರೈಟರ್
ತಂಗೀ, ಒಂದು ಮಾತು. ಕಚೇರಿಯಲ್ಲಿ ಚೆಕ್ ರೋಲ್ ಓದಲು ಬರುವವರು ಬೇಕಾದರೆ ನಾನು ಬರುತ್ತೇನೆ. ನನ್ನ ತೋಟ ಅದಲ್ಲ, ಆದರೆ ಪೆನ್ಸಿಲ್ ಗುರುತು ಎಲ್ಲ ಕಡೆಯೂ ಒಂದೇ ಜಾಗದಲ್ಲಿ ಇರುತ್ತದೆ. ಅಳಿಸಿದರೂ ಹಾಳೆಯನ್ನು ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಬಸ್ ಖರ್ಚು ನನ್ನದೇ.

ಯಲ್ಲಾಪುರದವಳು
ಅಕ್ಕ, ಆ ಹುಡುಗಿಯ ಪುಸ್ತಕಗಳಿಗೆ ಮತ್ತೆ ಬೈಂಡು ಹಾಕಲು ಹಾಳೆ ಬೇಕಾದರೆ ನಮ್ಮ ಮನೆಯಲ್ಲಿ ಇದೆ. ಇಂದು ಸಂಜೆ ಒಂದು ಹಾಳೆ ಗೋಡೆಗೆ ಅಂಟಿಸಿ, ಅಮ್ಮನ ಕೈಗೆ ಇದ್ದಿಲಿನ ತುಂಡು ಕೊಟ್ಟಿದ್ದೇನೆ. “ಡಬ್ಬಿಗೊಂದು ಚುಕ್ಕಿಯೋ, ದಿನಕ್ಕೊಂದೋ?” ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?

ನಿವೃತ್ತ ರೈಟರ್
ಎರಡೂ. ದಿನಕ್ಕೊಂದು ಚುಕ್ಕಿ, ಅದರ ಕೆಳಗೆ ಡಬ್ಬಿಗೊಂದು ಗೀಟು. ಪಕ್ಕದಲ್ಲಿ ಯಾರ ಮನೆಯದು ಎಂದು ನೀನು ಬರೆ.